ಸದ್ದಿಲ್ಲದ ಸ್ವಿಚ್ಚು

ಹಳೆಯ ಸ್ವಿಚ್ಚುಗಳನ್ನು ಕಿತ್ತ ಭಾನುವಾರ ಮನೆಯಲ್ಲಿ ಅಡುಗೆಯಾಗಲಿಲ್ಲ. ಗೋಡೆ ಕೊರೆದ ಧೂಳು ಒಲೆಯ ಮೇಲೆ, ಪಾತ್ರೆಗಳ ಮೇಲೆ, ಕೊನೆಗೆ ಅಜ್ಜಿಯ ಹುಬ್ಬಿನ ಮೇಲೂ ಹೋಗಿ ಕೂತಿತ್ತು. ನಾಲ್ಕೂ ಜನ ಮುಂದಿನ ಕೋಣೆಯಲ್ಲಿ ನಿಂತುಕೊಂಡೇ ಬ್ರೆಡ್ಡು, ಬೆಳಿಗ್ಗೆ ಬೇಯಿಸಿಟ್ಟಿದ್ದ ಮೊಟ್ಟೆ ತಿಂದರು.

"ಚೆನ್ನಾಗಿದ್ವು ಕಣೋ," ಅಂದಳು ಅಜ್ಜಿ, ಬಕೆಟ್ಟಿನಲ್ಲಿ ಬಿದ್ದಿದ್ದ ದಪ್ಪ ಕರಿ ಸ್ವಿಚ್ಚುಗಳನ್ನು ನೋಡುತ್ತ. "ನಿಮ್ಮಪ್ಪ ಹಾಕಿಸಿದ್ದು. ಒಂದು ದಿನಾನೂ ಕೈಕೊಟ್ಟಿಲ್ಲ."

"ಕೈಕೊಡೋವರೆಗೂ ಕಾಯ್ಬೇಕೇನಮ್ಮ?" ಅಂದ ಮಗ. ಪ್ರತಿ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಈಗ ಅಂಗೈಯಗಲದ ಕಪ್ಪು ಗಾಜು ಮಾತ್ರ ಇತ್ತು. "ಇಲ್ನೋಡು. ಗುಂಡಿ ಇಲ್ಲ, ಏನಿಲ್ಲ. ಬೆರಳು ಮುಟ್ಟಿಸಿದ್ರೆ ಸಾಕು. ಹೀಗೆ ಮೇಲಕ್ಕೆ ಸವರಿದ್ರೆ ಬೆಳಕು ಜಾಸ್ತಿ, ಕೆಳಕ್ಕೆ ಸವರಿದ್ರೆ ಕಮ್ಮಿ."

"ಬೆಳಕು ಕಮ್ಮಿ ಮಾಡೋಕೂ ಒಂದು ಯಂತ್ರ ಬೇಕಾ? ಆರಿಸಿದ್ರಾಯ್ತಪ್ಪ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಸೊಸೆ ನಗಲಿಲ್ಲ. ಧೂಳು ಒರೆಸಬೇಕಾದವಳು ಅವಳೇ ತಾನೆ!

ಮಗ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಫಿಟ್ಟರ್. ಇಷ್ಟು ವರ್ಷ ಬೇರೆಯವರ ಮನೆಯ ಏಣಿ ಹತ್ತಿ ಇಳಿದು ಅವನ ಮೊಣಕಾಲು ಸವೆದಿತ್ತು. ಈ ಗಾಜಿನ ಸ್ವಿಚ್ಚು ಬಂದ ಮೇಲೆ ಮಾಲೀಕ ಅವನನ್ನು ಒಳಗೆ ಕರೆದು, "ಒಂದು ಸೆಟ್ಟು ನಿಮ್ಮನೇಲಿ ಹಾಕ್ಕೋ. ಗಿರಾಕಿಗಳನ್ನ ಕರ್ಕೊಂಡ್ಹೋಗಿ ತೋರ್ಸು. ವ್ಯಾಪಾರ ಕುದುರಿದ್ರೆ ಈ ವಿಭಾಗಾನೇ ನಿನ್ನ ಕೈಗೆ ಕೊಡ್ತೀನಿ," ಅಂದಿದ್ದ. ಅಂದಿನಿಂದ ಮಗನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಬೇಕೆಂಬ ಆಸೆಯಲ್ಲಿ ತಪ್ಪೇನೂ ಇಲ್ಲ ಬಿಡಿ.

ಮುಂದಿನ ಕೋಣೆ ಒಂದು ಕಾಲಕ್ಕೆ ಅಜ್ಜಿಯದಾಗಿತ್ತು. ಅಲ್ಲಿ ಅವಳ ಇಸ್ತ್ರಿಯ ಮೇಜಿತ್ತು. ಓಣಿಯ ಅರ್ಧ ಜನ ಅವಳು ಮಡಿಸಿಕೊಟ್ಟ ಅಂಗಿ ಹಾಕಿಕೊಂಡೇ ಮದುವೆಯಾದವರು, ಕೆಲಸಕ್ಕೆ ಸೇರಿದವರು. ಇಸ್ತ್ರಿಪೆಟ್ಟಿಗೆಗೆ ಬಿಸಿ ಅಳೆಯುವ ತಿರುಗುಗುಂಡಿ ಬಂದ ಮೇಲೂ ಅವಳು ಅದನ್ನು ನಂಬಿರಲಿಲ್ಲ. ತೋರುಬೆರಳನ್ನು ನಾಲಗೆಗೆ ತಾಗಿಸಿ, ಪೆಟ್ಟಿಗೆಯ ತಳಕ್ಕೆ ಚಕ್ಕನೆ ಮುಟ್ಟಿಸುವಳು. ಚುಂಯ್ ಅಂದರೆ ಸರಿ. ಹಾಗೆ ಮುಟ್ಟಿಸಿ ಮುಟ್ಟಿಸಿ, ಬಿಸಿ ಬಟ್ಟೆಯ ಮಡಿಕೆ ತೀಡಿ ತೀಡಿ, ಅವಳ ಬೆರಳ ತುದಿಗಳೂ ಅಂಗೈಯೂ ಒಣಗಿ ಚಕ್ಕೆಗಟ್ಟಿದ್ದವು. ಭುಜ ಸೋತ ಮೇಲೆ ಮೇಜು ಮಡಿಚಿ ಹಿಂದಿನ ಕೋಣೆಗೆ ಹೋಯಿತು, ಅದರ ಹಿಂದೆಯೇ ಅವಳೂ ಹೋದಳು.

ಹಿಂದಿನ ಕೋಣೆಯಲ್ಲಿ ಒಂದು ಅನುಕೂಲವಿತ್ತು. ಅವಳ ಮಂಚದ ತಲೆದೆಸೆಯ ಗೋಡೆಯ ಆಚೆಬದಿಗೇ ನಡುಮನೆಯ ಸ್ವಿಚ್ ಬೋರ್ಡು. ಸಂಜೆ ಯಾರೇ ಒಳಬಂದರೂ ಮೊದಲು ಕೈಹಾಕುವುದು ಅದಕ್ಕೆ. ಹೆಜ್ಜೆ ಸಪ್ಪಳ ಅಜ್ಜಿಯ ಕಿವಿಗೆ ಬೀಳುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೆ ಆ 'ಟಕ್' ಮಾತ್ರ ಗೋಡೆ ದಾಟಿ ನೇರ ದಿಂಬಿಗೇ ಬರುತ್ತಿತ್ತು. ಮಗನದು ಗುದ್ದಿದಂಥ ಟಕ್. ಸೊಸೆಯದು ಅರ್ಧ ಸದ್ದು, ಯಾರಿಗೋ ಎಚ್ಚರವಾಗಿಬಿಟ್ಟೀತು ಎನ್ನುವ ಹಾಗೆ. ಮೊಮ್ಮಗಳು ಸಾಲಿಗೆಲ್ಲ ಕೈಯೆಳೆದು ಟಕಟಕಟಕ ಅಂತ ಬೇಕಾದ್ದು ಬೇಡದ್ದು ಎಲ್ಲ ಹಾಕಿಬಿಡುವಳು. ಸದ್ದು ಬಿದ್ದ ಕೂಡಲೇ ಅಜ್ಜಿ ಮಲಗಿದ್ದಲ್ಲಿಂದಲೇ ಕೂಗುತ್ತಿದ್ದಳು: "ಬಂದ್ಯಾ? ಟೀ ಫ್ಲಾಸ್ಕಲ್ಲಿದೆ." ಆ ಕಡೆಯಿಂದ ಒಂದು "ಹ್ಞೂಂ." ಮೂವರ ಹ್ಞೂಂ ಆದ ಮೇಲೆ ಅವಳ ದಿನ ಮುಗಿಯುತ್ತಿತ್ತು. ಎಲ್ಲರೂ ಮನೆಯಲ್ಲಿದ್ದಾರೆ ಎಂದು ಗೊತ್ತಾದರೆ ಅವಳಿಗೆ ಬೇರೇನೂ ಬೇಡವಾಗಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯ ಅಂತ ಅವಳಿಗೇ ತಿಳಿದಿರಲಿಲ್ಲ.

ಗಾಜಿನ ಸ್ವಿಚ್ಚಿಗೆ ಸದ್ದಿರಲಿಲ್ಲ. ಅದೇ ಅದರ ಹೆಚ್ಚುಗಾರಿಕೆ ಅಂತ ಮಗ ಗಿರಾಕಿಗಳಿಗೆ ಹೇಳುತ್ತಿದ್ದ.

ಮೊದಲ ಗಿರಾಕಿಗಳು ಹೊಸ ಮನೆ ಕಟ್ಟಿಸುತ್ತಿದ್ದ ಗಂಡ ಹೆಂಡತಿ. ಜೊತೆಗೆ ಮಾಲೀಕನೂ ಬಂದಿದ್ದ. ಸೊಸೆ ತಾನು ಕೆಲಸ ಮಾಡುವ ಬೇಕರಿಯಿಂದ ತಂದ ಬಿಸ್ಕತ್ತು ತಟ್ಟೆಯಲ್ಲಿ ಜೋಡಿಸಿಟ್ಟಳು. ಮಗ ಬೆಳಕನ್ನು ಏರಿಸಿ ಇಳಿಸಿ ತೋರಿಸಿದ. ಹೆಂಗಸು ಕೇಳಿದಳು: "ನಮ್ಮನೇಲಿ ವಯಸ್ಸಾದವರಿದ್ದಾರೆ. ಅವರಿಗೆ ಕಷ್ಟ ಆಗಲ್ವಾ?"

"ಕಷ್ಟ ಏನು ಬಂತು? ನಮ್ಮಮ್ಮಾನೇ ಮಾಡ್ತಾರೆ. ಅಮ್ಮಾ, ಸ್ವಲ್ಪ ಬಾ ಇಲ್ಲಿ!"

ಅಜ್ಜಿ ಬಂದಳು. ಮನೆಯಲ್ಲಿ ಯಾರೂ ಇಲ್ಲದಾಗ ಒಂದೆರಡು ಸಲ ಮುಟ್ಟಿ ನೋಡಿದ್ದಳು, ದೀಪ ಹತ್ತಿರಲಿಲ್ಲ. ಕೈ ಪಳಗಿಲ್ಲ, ಕಲಿತರಾಯ್ತು ಅಂದುಕೊಂಡಿದ್ದಳು. ಈಗ ಎಲ್ಲರೆದುರು ಬೆರಳಿಟ್ಟಳು. ಹತ್ತಲಿಲ್ಲ. ಒತ್ತಿದಳು. ಹತ್ತಲಿಲ್ಲ. ಸವರಿದಳು, ಉಜ್ಜಿದಳು.

"ಮೆತ್ತಗೆ ಅಮ್ಮ."

"ಮೆತ್ತಗೇ ಇಟ್ಟಿದ್ದೀನಲ್ಲೋ."

ಮಾಲೀಕ ಬಿಸ್ಕತ್ತಿನ ಕಡೆ ನೋಡಿದ. ಬಂದ ಹೆಂಗಸು ಗಂಡನ ಕಡೆ ನೋಡಿದಳು. "ನೋಡೋಣ, ತಿಳಿಸ್ತೀವಿ," ಅಂತ ಹೊರಟುಹೋದರು.

ಬಾಗಿಲು ಹಾಕಿಕೊಂಡು ಬಂದ ಮಗನ ಮುಖ ಕಪ್ಪಿಟ್ಟಿತ್ತು. "ಬೇಕಂತ ಮಾಡಿದ್ಯಾ?"

"ಏನು?"

"ಮೊದ್ಲಿಂದಾನೂ ನಿಂಗಿದು ಬೇಡವಾಗಿತ್ತು. ಮಾಲೀಕರ ಮುಂದೆ ನನ್ನ ಮಾನ ತೆಗೆದೆ."

"ನಾನು ಒತ್ತಿದೆ ಕಣೋ!"

"ಒತ್ತೋದಲ್ಲಮ್ಮ, ಮುಟ್ಟೋದು! ಎಷ್ಟು ಸಲ ಬಡ್ಕೊಳ್ಲಿ? ಮಕ್ಕಳೂ ಮಾಡ್ತಾರೆ."

"ಹಾಗಾದ್ರೆ ಮಕ್ಕಳನ್ನೇ ಕರ್ಕೊಂಡು ಬಾ. ಇನ್ಮೇಲೆ ನಿನ್ನ ಗಾಜನ್ನ ನಾನು ಮುಟ್ಟಿದ್ರೆ ಕೇಳು."

ಅಜ್ಜಿಯ ಹಟ ಮನೆಯವರಿಗೆ ಹೊಸದಲ್ಲ. ಹಿಂದೊಮ್ಮೆ ಪಕ್ಕದ ಮನೆಯವರ ಹತ್ತಿರ ಮಾತು ಬಿಟ್ಟವಳು ಅವರು ಮನೆ ಖಾಲಿ ಮಾಡಿಕೊಂಡು ಹೋಗುವವರೆಗೂ ಬಾಯಿ ತೆರೆದಿರಲಿಲ್ಲ. ಹಾಗಾಗಿ ಇದೂ ಅದೇ ಜಾತಿಯ ಮುನಿಸು ಎಂದು ಎಲ್ಲರೂ ತೀರ್ಮಾನಿಸಿದರು. ಮರುದಿನ ಎಲ್ಲರೂ ಹೊರಟ ಮೇಲೆ ಅವಳು ಗಾಜಿನ ಮುಂದೆ ನಿಂತು ಒಂದೊಂದೇ ಬೆರಳು, ಹೆಬ್ಬೆರಳು, ಕೊನೆಗೆ ಅಂಗೈಯನ್ನೂ ಇಟ್ಟು ನೋಡಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೊಮ್ಮಗಳು ಮೊಣಕೈ ತಗುಲಿಸಿದರೂ ಹತ್ತೀತೇನೋ ಎನ್ನುವಂಥ ದೀಪ ತನ್ನ ಕೈಗೆ ಮಾತ್ರ ಹತ್ತಲಿಲ್ಲ. ಅವಳಿಗೆ ನಿಜಕ್ಕೂ ಭಯವಾಯಿತು. ತಾನು ಅಲ್ಲಿ ನಿಂತೇ ಇಲ್ಲವೇನೋ ಅನ್ನಿಸಿತು.

ಅಂದಿನಿಂದ ಅವಳು ಬಿಸಿಲಿನ ಜೊತೆ ಬದುಕತೊಡಗಿದಳು. ಹೊತ್ತಿರುವಾಗಲೇ ಒಬ್ಬಳೇ ಅನ್ನ ಕಲಸಿಕೊಂಡು ಉಂಡುಬಿಡುವಳು. ಬಟ್ಟೆ ಮಡಿಸುವುದು, ಬೀನ್ಸ್ ಬಿಡಿಸುವುದು ಎಲ್ಲ ಕಿಟಕಿಯ ಬಳಿ. ಕತ್ತಲಾದರೆ ಮಂಚದ ಮೇಲೆ ಕೂರುವಳು. ಸೊಸೆ ಬಂದು ಬಾಗಿಲಲ್ಲೇ ಬೆಚ್ಚುವಳು.

"ಅತ್ತೆ! ಹೀಗ್ಯಾಕೆ ಕತ್ತಲಲ್ಲಿ ಕೂತಿದ್ದೀರ?" ಅಂತ ದೀಪ ಹಾಕುವಳು.

"ಬೇಡಮ್ಮ, ಆರಿಸು."

"ಕಣ್ಣಿಗೆ ಚುಚ್ಚುತ್ತಾ? ಕಮ್ಮಿ ಮಾಡ್ಲಾ?"

"ಆರಿಸೇಬಿಡು."

ಸೊಸೆ ಹಾಕಿಹೋದ ದೀಪವನ್ನು ಆಮೇಲೆ ಆರಿಸುವುದು ಅವಳ ಕೈಲಾಗುತ್ತಿರಲಿಲ್ಲ, ಉರಿಯುವ ದೀಪದಡಿ ನಿದ್ದೆ ಬರುತ್ತಿರಲಿಲ್ಲ. ಅದಕ್ಕೆ ಹಾಗೆ ಹೇಳುತ್ತಿದ್ದಳು. ಸೊಸೆಗೆ ಕಂಡದ್ದು ಬೇರೆ: ಅತ್ತೆಗೆ ಬೆಳಕೇ ಆಗುತ್ತಿಲ್ಲ.

ಒಂದು ಸಂಜೆ ಮಗ ಫ್ಲಾಸ್ಕಿನ ಟೀ ಒಂದು ಗುಟುಕು ಕುಡಿದು ಸಿಂಕಿಗೆ ಉಗುಳಿದ. "ಉಪ್ಪು! ಸಕ್ಕರೆ ಬದ್ಲು ಉಪ್ಪು ಹಾಕಿದ್ದಾಳೆ!" ಮೋಡ ಮುಚ್ಚಿದ ಮಧ್ಯಾಹ್ನ, ಅಡುಗೆಮನೆಯ ಮೂಲೆ, ಒಂದೇ ಥರದ ಎರಡು ಡಬ್ಬಿ. ಇನ್ನೊಂದು ದಿನ ಮೊಮ್ಮಗಳು ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಕರಿ ಕಾಲುಚೀಲ ಹಾಕಿಕೊಂಡು ಕಾಲೇಜಿಗೆ ಹೋಗಿ ನಗೆಪಾಟಲಾಗಿ ಬಂದಳು. ಜೊತೆ ಮಾಡಿಟ್ಟವಳು ಅಜ್ಜಿ.

"ಈಗೀಗ ಮಾತೂ ಆಡಲ್ಲಪ್ಪ," ಅಂದಳು ಮೊಮ್ಮಗಳು. "ಮುಂಚೆ ಬಂದ್ಯಾ ಬಂದ್ಯಾ ಅಂತ ಪ್ರಾಣ ತಿಂತಿತ್ತು."

ಮಗ ಪರವೂರಿನಲ್ಲಿದ್ದ ಅಕ್ಕನಿಗೆ ಫೋನು ಮಾಡಿದ. ಅಕ್ಕ ಒಂದೇ ಮಾತಿಗೆ, "ನಂಗ್ಯಾಕೋ ತಲೆದೇ ತೊಂದ್ರೆ ಅನ್ಸುತ್ತೆ. ಇಲ್ಲಿಗೆ ಕಳಿಸಿಬಿಡು, ಇಲ್ಲಿ ದೊಡ್ಡ ಡಾಕ್ಟ್ರಿಗೆ ತೋರಿಸೋಣ. ಇಲ್ಲೇ ಇರ್ಲಿ," ಅಂದಳು.

ಭಾನುವಾರದ ಊಟದ ಹೊತ್ತಿಗೆ ಮಗ ವಿಷಯ ತೆಗೆದ. ಆಲೂಗಡ್ಡೆ ಪಲ್ಯದ ಬೋಗುಣಿ ಮಧ್ಯದಲ್ಲಿತ್ತು, ಯಾರೂ ಬಡಿಸಿಕೊಳ್ಳಲಿಲ್ಲ.

"ಎಷ್ಟು ದಿನಕ್ಕೆ?" ಅಂದಳು ಅಜ್ಜಿ.

"ನೋಡೋಣ."

"ನಿನ್ನ ಗಿರಾಕಿಗಳೂ ನೋಡೋಣ ಅಂತಾನೇ ಹೋದ್ರು. ವಾಪಸ್ ಬಂದ್ರಾ?"

"ಅಮ್ಮ, ಅಲ್ಲಿ ನಿನ್ನ ಚೆನ್ನಾಗಿ ನೋಡ್ಕೊಳ್ತಾರೆ."

"ನಾನು ಇಲ್ಲೇ ಇರ್ತೀನಿ ಕಣೋ."

"ಇಲ್ಲಿದ್ದು ಏನ್ಮಾಡ್ತೀಯ? ಕತ್ತಲಲ್ಲಿ ಕೂರ್ತೀಯ. ಕೇಳಿದ್ರೆ ಮಾತಾಡಲ್ಲ. ನಾವೇನು ತಿಳ್ಕೋಬೇಕು?"

ಹೇಳಿಬಿಡೋಣ ಅನ್ನಿಸಿತು ಅವಳಿಗೆ. ಆದರೆ ಗೋಡೆಗೆ ನನ್ನ ಗುರುತು ಸಿಗ್ತಿಲ್ಲ ಅಂತ ಹೇಳಿದರೆ ತಲೆ ಕೆಟ್ಟಿರುವುದಕ್ಕೆ ಅದೊಂದು ಸಾಕ್ಷಿಯಾಗುತ್ತಿತ್ತು, ಅಷ್ಟೆ. ಅವಳು ತಟ್ಟೆ ಎತ್ತಿಕೊಂಡು ಎದ್ದಳು. ಆ ವಾರವಿಡೀ ಮನೆಯಲ್ಲಿ ಪಾತ್ರೆಗಳದಷ್ಟೇ ಸದ್ದು. ಸೊಸೆ ಅಟ್ಟದಿಂದ ಸೂಟ್‌ಕೇಸು ಇಳಿಸಿ ಒರೆಸಿದಳು. ಅಜ್ಜಿ ತನ್ನ ಸೀರೆಗಳನ್ನು ತಾನೇ ಮಡಿಸಿಟ್ಟಳು, ಮಡಿಕೆ ಒಂದು ಕೂದಲೆಳೆಯೂ ಆಚೀಚೆ ಆಗಿರಲಿಲ್ಲ. ತಲೆ ಕೆಟ್ಟವರು ಹೀಗೆ ಮಡಿಸುತ್ತಾರಾ ಎಂದು ಸೊಸೆಗೆ ಒಂದು ಕ್ಷಣ ಅನ್ನಿಸಿತು. ಆದರೆ ಬೇಕರಿಗೆ ಹೊತ್ತಾಗಿತ್ತು.

ಅಜ್ಜಿ ಹೊರಡುವ ಹಿಂದಿನ ದಿನ ಬೇಕರಿಯಲ್ಲಿ ಸೊಸೆಯ ಬಲಗೈ ಒಲೆಯ ತಟ್ಟೆಗೆ ತಗುಲಿ ಬೆರಳುಗಳು ಸುಟ್ಟವು. ಮುಲಾಮು ಹಚ್ಚಿ, ದಪ್ಪ ಪಟ್ಟಿ ಸುತ್ತಿ ಬೇಗ ಮನೆಗೆ ಕಳಿಸಿದರು. ಮುಸ್ಸಂಜೆಯ ನಡುಮನೆಯಲ್ಲಿ, ಎಡಗೈಯಲ್ಲಿ ಚೀಲ ಹಿಡಿದುಕೊಂಡು, ಬಲಗೈಯನ್ನು ಗಾಜಿಗೆ ಮುಟ್ಟಿಸಿದಳು. ಹತ್ತಲಿಲ್ಲ. ಮತ್ತೆ ಮುಟ್ಟಿಸಿದಳು.

"ಥೂ, ಇದಕ್ಕೇನು ಬಂತು ದೊಡ್ಡರೋಗ!" ಅಂದಳು, ಸ್ವಲ್ಪ ಜೋರಾಗಿಯೇ.

"ಯಾರು?" ಒಳಗಿನಿಂದ ಅಜ್ಜಿಯ ದನಿ.

"ನಾನೇ ಅತ್ತೆ. ದೀಪ ಹತ್ತುತ್ತಿಲ್ಲ."

ಅಜ್ಜಿ ಕೇಳಿದಳು: "ನಿಂಗೂ ಹತ್ತಲ್ವಾ?"

ಸೊಸೆ ಚೀಲ ಕೆಳಗಿಟ್ಟಳು. "ನಂಗೂ ಅಂದ್ರೆ?"

ಅವಳು ಒಳಗೆ ಹೋಗಿ, ಕತ್ತಲಲ್ಲೇ ಅತ್ತೆಯ ಕೈ ಹಿಡಿದು ಎಬ್ಬಿಸಿ, ಗೋಡೆಯ ಹತ್ತಿರ ಕರೆತಂದು, ಆ ಬೆರಳನ್ನು ಗಾಜಿನ ಮೇಲಿಟ್ಟಳು. ಇಬ್ಬರೂ ಕಾದರು. ಏನೂ ಆಗಲಿಲ್ಲ. ತನ್ನ ಎಡಗೈ ಬೆರಳಿಟ್ಟಳು. ಕೋಣೆ ಬೆಳಗಿತು. ಬೆಳಕಿನಲ್ಲಿ ಅತ್ತೆಯ ಕೈ ತಿರುಗಿಸಿ ನೋಡಿದಳು, ತನ್ನ ಪಟ್ಟಿ ಸುತ್ತಿದ ಕೈ ನೋಡಿದಳು.

"ಯಾಕೆ ಹೇಳ್ಲಿಲ್ಲ ಅತ್ತೆ?"

"ಬೇಕಂತ ಮಾಡ್ದೆ ಅಂದನಲ್ಲ," ಅಂದಳು ಅಜ್ಜಿ.

ಮಗ ಚಪ್ಪಲಿ ಬಿಡುವ ಮೊದಲೇ ಸೊಸೆ ಶುರು ಮಾಡಿದಳು. "ನಿಮ್ಮ ಗಾಜಿಗೆ ನಿಮ್ಮಮ್ಮನ ಬೆರಳು ಕಾಣಲ್ಲ, ಗೊತ್ತಾ? ಇಷ್ಟು ವಾರ ಅವರು ಕತ್ತಲಲ್ಲಿ ಕೂತಿದ್ದು ಅದಕ್ಕೆ. ಹುಚ್ಚಿಗಲ್ಲ!"

ಮಗ ತಾಯಿಯ ಕೈ ನೋಡಿದ. ತಡವರಿಸಿ ಅಂದ: "ಚರ್ಮ ತೀರಾ ಒಣಗಿದ್ರೆ ಹಿಡಿಯಲ್ಲ... ಬೆರಳು ಸ್ವಲ್ಪ ಒದ್ದೆ ಮಾಡ್ಕೋಬೇಕು."

"ನಿಮ್ಗೆ ಗೊತ್ತಿತ್ತಾ?"

"ಗಿರಾಕಿಗಳಿಗೆಲ್ಲ ಹೇಳ್ತೀನಿ."

"ಗಿರಾಕಿಗಳಿಗೆ!" ಅಂದಳು ಸೊಸೆ.

ಒದ್ದೆ ಎಂಬ ಮಾತು ಕೇಳಿದ್ದೇ ಅಜ್ಜಿ ಮುಂದೆ ಬಂದಳು. ತೋರುಬೆರಳನ್ನು ನಾಲಗೆಗೆ ತಾಗಿಸಿ, ಗಾಜಿಗೆ ಚಕ್ಕನೆ ಮುಟ್ಟಿಸಿ, ಸುಟ್ಟೀತೆಂಬಂತೆ ಕೈ ಹಿಂದೆಳೆದುಕೊಂಡಳು. ದೀಪ ಆರಿತು. ಮತ್ತೊಮ್ಮೆ ಹಾಗೇ ಮಾಡಿದಳು. ಹತ್ತಿತು.

"ಚುಂಯ್ ಅನ್ಲಿಲ್ಲ," ಅಂದಳು.

ಅಷ್ಟರಲ್ಲಿ ಬಂದಿದ್ದ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು, ಸೊಸೆ ಕಣ್ಣೊರೆಸಿಕೊಂಡು ನಕ್ಕಳು. ಆ ಮನೆಯಲ್ಲಿ ತಪ್ಪಾಯ್ತು ಅನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಮಗ ಫ್ಲಾಸ್ಕಿನಿಂದ ಟೀ ಬಗ್ಗಿಸಿ ತಾಯಿಯ ಮುಂದೆ ಹಿಡಿದ. ಅವಳು ಕುಡಿದಳು. ಅಕ್ಕನಿಗೆ ಫೋನು ಹೋಯಿತು, ಸೂಟ್‌ಕೇಸು ಅಟ್ಟಕ್ಕೆ ಹೋಯಿತು. ಅಜ್ಜಿ ಉಳಿದಳು.

ಆಮೇಲೆ ಬಂದ ಗಿರಾಕಿಗಳ ಮುಂದೆ ಮಗ ಹೆಮ್ಮೆಯಿಂದ ತಾಯಿಯನ್ನು ಕರೆದು ತೋರಿಸಿದ. ಅವಳು ನಾಲಗೆಗೆ ಬೆರಳು ತಾಗಿಸಿ ದೀಪ ಹತ್ತಿಸಿದರೆ ಜನ ನಗುತ್ತಿದ್ದರು, ಮೆಚ್ಚುತ್ತಿದ್ದರು, ಆರ್ಡರು ಕೊಟ್ಟು ಹೋಗುತ್ತಿದ್ದರು. ಮಗನಿಗೆ ಅಂಗಡಿಯಲ್ಲಿ ಕುರ್ಚಿ ಸಿಕ್ಕಿತು. ಎಲ್ಲವೂ ಸರಿಹೋಯಿತು ಎಂದು ಎಲ್ಲರಿಗೂ ಅನ್ನಿಸಿತು.

ಒಂದು ಬೆಳಿಗ್ಗೆ ಅವನು ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅವಳು ಕೇಳಿದಳು: "ನಡುಮನೆಗೆ ಆ ಹಳೇದನ್ನ ಒಂದು ಹಾಕ್ತೀಯೇನೋ?"

"ಯಾಕಮ್ಮ? ಈಗ ಹತ್ತುತ್ತಲ್ಲ."

"ಹತ್ತುತ್ತೆ."

"ಮತ್ತೇನು?"

"ನೀವು ಬಂದಿದ್ದು ನಂಗೆ ಗೊತ್ತಾಗಲ್ಲ."

"ಬರದೆ ಎಲ್ಲಿಗೆ ಹೋಗ್ತೀವಿ?" ಅಂತ ನಕ್ಕು ಹೊರಟ.

ಮೊಮ್ಮಗಳು ಮಾತ್ರ, "ನಾನು ಬಂದ ತಕ್ಷಣ ಹೇಳ್ತೀನಿ ಬಿಡಜ್ಜಿ," ಅಂದಳು. ಹೇಳಿದಳು ಕೂಡ. ಕೆಲವು ಸಂಜೆ ಬಾಗಿಲಲ್ಲೇ "ಅಜ್ಜೀ, ಬಂದೇ" ಅಂತ ಕೂಗಿದಳು. ಆಮೇಲೆ ಪರೀಕ್ಷೆ ಬಂತು, ಕಿವಿಗೆ ಹಾಡು ಸಿಕ್ಕಿಸಿಕೊಂಡು ಬರತೊಡಗಿದಳು, ಮರೆತಳು. ಮರೆತದ್ದು ಅವಳಿಗೆ ಗೊತ್ತೂ ಆಗಲಿಲ್ಲ. ಮನೆ ಮೊದಲಿನಂತೆ ತುಂಬುತ್ತಿತ್ತು, ಸದ್ದಿಲ್ಲದೆ ತುಂಬುತ್ತಿತ್ತು. ಅಜ್ಜಿ ದೀಪ ಹಾಕಿಕೊಂಡು ಕೂತಿರುತ್ತಿದ್ದಳು. ಒಮ್ಮೊಮ್ಮೆ ಬಾಗಿಲಿಗೆ ಬಂದು ಇಣುಕಿದರೆ ಮೂವರೂ ಯಾವಾಗಲೋ ಬಂದು ಅವರವರ ಕೋಣೆ ಸೇರಿರುತ್ತಿದ್ದರು. ಫ್ಲಾಸ್ಕು ಅರ್ಧ ಖಾಲಿಯಾಗಿರುತ್ತಿತ್ತು.

ಮಳೆ ನಿಂತ ಒಂದು ಸಂಜೆ ಮಗ ಎಂದಿಗಿಂತ ಮುಂಚೆ ಅಂಗಡಿ ಬಿಟ್ಟ. ಸೊಸೆ ಇನ್ನೂ ಬೇಕರಿಯಲ್ಲಿದ್ದಳು, ಮಗಳು ಕಾಲೇಜಿನಲ್ಲಿ. ಒದ್ದೆ ಚಪ್ಪಲಿ ಹೊರಗೆ ಬಿಟ್ಟು ನಡುಮನೆಗೆ ಬಂದು ಗಾಜಿನತ್ತ ಕೈ ಚಾಚಿದ. ಅಷ್ಟರಲ್ಲಿ ಗೋಡೆಯ ಆಚೆಯಿಂದ ಗುದ್ದಿದಂಥ ಒಂದು 'ಟಕ್' ಕೇಳಿಸಿತು.

"ಬಂದ್ಯಾ? ಟೀ ಫ್ಲಾಸ್ಕಲ್ಲಿದೆ," ಅಂದಳು ತಾಯಿ.

ಎಷ್ಟು ದಿನವಾಗಿತ್ತು ಆ ಮಾತು ಕೇಳಿ! ಅವನಿಗೆ ಖುಷಿಯಾಯಿತು. ಹ್ಞೂಂ ಅನ್ನಲು ಬಾಯಿ ತೆರೆದ. ಮತ್ತೆ ಟಕ್. ಈ ಸಲ ಮೆತ್ತಗೆ, ಅರ್ಧ ಸದ್ದು.

"ಬಂದ್ಯೇನಮ್ಮ? ಕೈ ಹೇಗಿದೆ?"

ಅವನು ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಮೆಲ್ಲಗೆ ಹೋಗಿ ಅವಳ ಕೋಣೆಯ ಬಾಗಿಲ ಸಂದಿಯಿಂದ ನೋಡಿದ. ದೀಪದ ಕೆಳಗೆ, ಬಾಗಿಲಿಗೆ ಬೆನ್ನು ಹಾಕಿ, ತಾಯಿ ಮಂಚದ ಮೇಲೆ ಕೂತಿದ್ದಳು. ಮಡಿಲಲ್ಲಿ ಬಕೆಟ್ಟಿನಿಂದ ಯಾವತ್ತೋ ಎತ್ತಿಟ್ಟುಕೊಂಡ ಕರಿ ಸ್ವಿಚ್ಚು, ಅದರ ಹಿಂದೆ ಗೇಣುದ್ದದ ತುಂಡು ವೈರು. ಅವಳು ಬೆರಳಿಟ್ಟು ಬೇಗ ಬೇಗ ಮೇಲೆ ಕೆಳಗೆ ಆಡಿಸಿದಳು. ಟಕಟಕಟಕ.

"ಬಂತು ನೋಡು ನಮ್ಮ ಬಿರುಗಾಳಿ," ಅಂದಳು. ಆಮೇಲೆ ಸ್ವಿಚ್ಚನ್ನು ದಿಂಬಿನ ಕೆಳಗೆ ಸರಿಸಿ, "ಎಲ್ರೂ ಬಂದ್ರಪ್ಪ," ಎಂದು ನಿಟ್ಟುಸಿರು ಬಿಟ್ಟು, ಒದ್ದೆ ಬೆರಳಿನಿಂದ ದೀಪ ಆರಿಸಲು ಎದ್ದಳು.

ಮಗ ಸದ್ದಾಗದಂತೆ ನಡುಮನೆಗೆ ಹಿಂದಿರುಗಿದ. ಕಪ್ಪು ಗಾಜು ಎದುರಿಗೇ ಇತ್ತು. ಅದನ್ನು ಮುಟ್ಟಲು ಅವನಿಗೆ ಕೈ ಬರಲಿಲ್ಲ.